ಮೂಗಿಗೆ ಕೈ ಚಿಕಿತ್ಸೆ: ಅರ್ಧ ಸಮಾಧಾನ

ನನ್ನ ಬಲ ಹೊಳ್ಳೆ ಹುಟ್ಟು ಸೋಮಾರಿ. ಶಸ್ತ್ರಚಿಕಿತ್ಸೆ ಬೇಡವೆಂದು, ಕೈಯಿಂದಲೇ ಮೂಗು ತೆರೆಸುವ ಚಿಕಿತ್ಸಕರೊಬ್ಬರ ಬಳಿ ಹೋದೆ. ಅವರು ಮೊದಲು ನನ್ನ ಕೆನ್ನೆಯನ್ನು ಬೆರಳಿನಿಂದ ಹೊರಕ್ಕೆ ಎಳೆದು ಹಿಡಿದು, ಉಸಿರೆಳೆಯಲು ಹೇಳಿದರು. ಗಾಳಿ ಸಲೀಸಾಗಿ ನುಗ್ಗಿತು. ಹಾಗಾದರೆ ಅಡಚಣೆ ಮೂಗಿನ ಕವಾಟದಲ್ಲಿ, ಅಂದರೆ ಒಳಗಿನ ಅತಿ ಕಿರಿದಾದ ಜಾಗದಲ್ಲಿ ಇರಬಹುದು ಎಂದರು. ಈ ಪರೀಕ್ಷೆಯೊಂದಕ್ಕೆ ಪೂರ್ಣ ಅಂಕ.

ಆಮೇಲೆ ಹುಬ್ಬುಗಳ ನಡುವೆ, ಕೆನ್ನೆಮೂಳೆಯ ಕೆಳಗೆ, ದವಡೆಯ ಬುಡದಲ್ಲಿ ಒತ್ತಿ ನೀವಿದರು. ಹಿತವಾಗಿತ್ತು, ತಲೆಭಾರ ಇಳಿಯಿತು. ಆದರೆ ಮೂಗು ಬಿಟ್ಟುಕೊಂಡದ್ದು ಆ ಸಂಜೆಯವರೆಗೆ ಮಾತ್ರ. ಅದರಲ್ಲೂ ಅವರ ಬೆರಳುಗಳ ಪಾಲೆಷ್ಟೋ! ಮೂಗಿನ ಎರಡೂ ಬದಿಗಳು ಕೆಲವು ಗಂಟೆಗಳಿಗೊಮ್ಮೆ ಸರದಿಯಂತೆ ತಾವಾಗಿಯೇ ಕಟ್ಟಿಕೊಂಡು ಬಿಡುತ್ತಿರುತ್ತವೆ.

‘ವಾಲಿದ ನಡುಗೋಡೆಯನ್ನೂ ನೇರ ಮಾಡುತ್ತೇವೆ’ ಎಂಬ ಫಲಕ ಮಾತ್ರ ಸಿಟ್ಟು ತರಿಸಿತು. ವಯಸ್ಕರ ಮೂಗಿನ ಮೂಳೆ, ಮೃದ್ವಸ್ಥಿಗಳು ಹೊರಗಿನಿಂದ ಒತ್ತಿದ ಮಾತ್ರಕ್ಕೆ ನೆಟ್ಟಗಾಗುವುದಿಲ್ಲ. ಹೊಳ್ಳೆಯೊಳಗೆ ಪುಟ್ಟ ಬಲೂನು ಊದಿಸುವ ವಿಧಾನವನ್ನೂ ಸೂಚಿಸಿದರು, ಕೈಮುಗಿದು ಎದ್ದೆ. ಅಲರ್ಜಿ ಇದೆಯೇ, ಪಾಲಿಪ್ (ಮೂಗಿನೊಳಗೆ ಬೆಳೆಯುವ ಮೆತ್ತನೆಯ ಗಂಟು) ಇದೆಯೇ ಎಂದು ಒಮ್ಮೆಯೂ ಕೇಳದವರಿಗೆ ಮೂಗನ್ನು ಒಪ್ಪಿಸುವಷ್ಟು ಧೈರ್ಯ ನನಗಿಲ್ಲ. ಮುಖ ನೀವಿಸಿಕೊಳ್ಳಲು ಮತ್ತೆ ಹೋದರೂ ಹೋದೇನು. ಉಸಿರಾಟದ ವಿಷಯಕ್ಕೆ ಇ.ಎನ್.ಟಿ. ವೈದ್ಯರ ಸಮಯ ಕೇಳಿದ್ದೇನೆ.