ದೂರದಲ್ಲಿದ್ದು ಇಂಟೀರಿಯರ್ ಮಾಡಿಸುವವರೇ, ಲ್ಯಾಮಿನೇಟ್ ಅಂಟಿಸುವ ಮುಂಚೆ ಹಲಗೆ ನೋಡಿ

ನಾವಿರುವುದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ಬೆಂಗಳೂರಿನ ಕನಕಪುರ ರಸ್ತೆಯಲ್ಲಿ ಒಂದು ಫ್ಲ್ಯಾಟ್ ತಗೊಂಡು, ಅದರ ಇಂಟೀರಿಯರ್ ಪೂರ್ತಿ ಇಲ್ಲಿಂದಲೇ ಮಾಡಿಸಿದೆವು. ಮಧ್ಯದಲ್ಲಿ ಒಂದು ಸಲವೂ ಹೋಗಿ ನೋಡಲಿಲ್ಲ.

ಇಂಟೀರಿಯರ್ ಮಾಡುವವರು ಕಳಿಸಿದ ತ್ರೀಡಿ ಚಿತ್ರಗಳು ಬಹಳ ಚೆನ್ನಾಗಿದ್ದವು. ಬಣ್ಣ, ಹಿಡಿಕೆ, ಲೈಟು ಅಂತ ವಾರಗಟ್ಟಲೆ ಮಾತಾಡಿದೆವು. ಒಳಗಿನ ಹಲಗೆ ಯಾವುದು ಅಂತ ಕೇಳಿದ್ದು ಒಂದೇ ಸಲ. 'ಅಡುಗೆಮನೆಗೆ ಬಿಡಬ್ಲ್ಯೂಪಿ ಪ್ಲೈವುಡ್ ಮೇಡಂ' ಅಂದರು. ಅಂದರೆ ಕುದಿಯುವ ನೀರನ್ನೂ ತಡೆಯುವಂಥದ್ದು, ಐಎಸ್ 710 ಅನ್ನುವ ಭಾರತೀಯ ಮಾನದಂಡದ್ದು. 72 ಗಂಟೆ ನೀರಿನಲ್ಲಿ ಕುದಿಸಿದರೂ ಪದರ ಬಿಡಬಾರದು. ಆದರೆ ಕೊಟೇಶನ್‌ನಲ್ಲಿ ಬರೆದದ್ದು 'ಎಂಜಿನಿಯರ್ಡ್ ವುಡ್' ಅಂತ ಅಷ್ಟೇ. ಮರದ ಪುಡಿ, ನಾರು ಒತ್ತಿ ಮಾಡುವ ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಎಲ್ಲವೂ ಆ ಮಾತಿನೊಳಗೆ ಬರುತ್ತವೆ. ನಾನು ಓದಿದ್ದೆ, ಏನದು ಅಂತ ಕೇಳಲಿಲ್ಲ.

ವಾರಕ್ಕೊಮ್ಮೆ ವಾಟ್ಸಾಪ್‌ನಲ್ಲಿ ಫೋಟೋ ಬರುತ್ತಿತ್ತು. 'ನಿಮ್ಮ ಮನೆಗೆ ಪ್ಲೈವುಡ್ ಇಳಿಸಿದ್ದೇವೆ' ಅಂತ ಒಂದು ಬಂತು. ಹಲಗೆಯ ಮೇಲೆ ಐಎಸ್‌ಐ ಮುದ್ರೆ ಸ್ಪಷ್ಟವಾಗಿತ್ತು. ನೋಡಿ ನೆಮ್ಮದಿಯಾಯಿತು. ಎಲ್ಲ ಮುಗಿದು ಎಷ್ಟೋ ದಿನದ ಮೇಲೆ ಅಮ್ಮ ಅದೇ ಫೋಟೋ ದೊಡ್ಡದು ಮಾಡಿ ನೋಡಿದರು. ನೆಲದ ಟೈಲ್ಸ್ ಬೂದು ಬಣ್ಣದ್ದು. ನಮ್ಮ ಮನೆಯದು ಕೆನೆ ಬಣ್ಣ. ಅದು ಬೇರೆ ಯಾರದೋ ಮನೆ!

ಗೃಹಪ್ರವೇಶವಾಗಿ ನಾಲ್ಕು ತಿಂಗಳಿಗೆ ಸಿಂಕಿನ ಕೆಳಗೆ ಪೈಪು ಸ್ವಲ್ಪ ಸೋರಿತು. ಅಷ್ಟಕ್ಕೇ ಕಪಾಟು ಉಬ್ಬಿ, ನೆಂದ ರಸ್ಕಿನ ಹಾಗೆ ಉದುರತೊಡಗಿತು. ಹಿಂಜಿನ ಸ್ಕ್ರೂ ಕಿತ್ತು ಬಾಗಿಲು ಅಮ್ಮನ ಕಾಲ ಮೇಲೆ ಬಿತ್ತು. ಬೇರೆ ಬಡಗಿಯನ್ನು ಕರೆಸಿ ಅಂಚುಪಟ್ಟಿ ಎಬ್ಬಿಸಿ ನೋಡಿದರೆ, ಒಳಗೆ ಬರೀ ಮರದ ಪುಡಿ ಒತ್ತಿ ಮಾಡಿದ ಬೋರ್ಡು.

ದುಡ್ಡಿನ ವಿಷಯದಲ್ಲೂ ತಪ್ಪು ಮಾಡಿದೆವು. ಬುಕಿಂಗ್‌ಗೆ ಶೇ. 10, ಹಲಗೆ ತರುವಾಗ 50, ಹಲಗೆಯ ಮೇಲೆ ಅಂಟಿಸುವ ಹಾಳೆ, ಅಂದರೆ ಲ್ಯಾಮಿನೇಟ್, ಶುರುವಾಗುವಾಗ 35. ಬಾಗಿಲು ಕೂರುವ ಮೊದಲೇ ಶೇ. 95 ಕೊಟ್ಟಾಗಿತ್ತು. ಉಳಿದ 5ಕ್ಕಾಗಿ ಯಾರು ತಿರುಗಿ ಬರುತ್ತಾರೆ?

ನೀವು ಮಾಡಿಸುತ್ತಿದ್ದರೆ, ದಯವಿಟ್ಟು ಫೋಟೋ ನಂಬಬೇಡಿ. ಹಲಗೆ ಇಳಿಸಿದ ದಿನ ವಿಡಿಯೋ ಕಾಲ್ ಮಾಡಿಸಿ. ಬಾಗಿಲಿನ ಮನೆ ನಂಬರಿನಿಂದ ಶುರು ಮಾಡಿ, ಮಧ್ಯೆ ನಿಲ್ಲಿಸದೆ ಹಲಗೆಯ ಹತ್ತಿರ ಬರಲಿ. ಮುದ್ರೆ ತೋರಿಸಲಿ, ಕತ್ತರಿಸಿದ ಅಂಚೂ ತೋರಿಸಲಿ. ಪ್ಲೈವುಡ್ ಆದರೆ ಪದರಗಳು ಕಾಣುತ್ತವೆ. ಲ್ಯಾಮಿನೇಟ್ ಅಂಟಿದ ಮೇಲೆ ಎಲ್ಲ ಒಂದೇ ಥರ ಕಾಣುತ್ತದೆ, ಅಲ್ವಾ? ಕಪಾಟು ಕಪಾಟಿಗೂ ಹಲಗೆಯ ಹೆಸರು, ದರ್ಜೆ, ದಪ್ಪ ಬರೆಸಿಕೊಳ್ಳಿ. ಕಾಲು ಭಾಗ ಹಣವನ್ನಾದರೂ ಕೆಲಸ ಮುಗಿಯುವ ತನಕ ಇಟ್ಟುಕೊಳ್ಳಿ. ನಿಮ್ಮ ಕಡೆಯವರೊಬ್ಬರು ಆಗಾಗ ಹೋಗಿ ಬರಲಿ. ನೆಂಟರಿಗೆ ಯಾಕೆ ಸುಮ್ನೆ ತೊಂದರೆ ಅಂತ ನಾನು ಸಂಕೋಚಪಟ್ಟೆ. ಪಡಬಾರದಿತ್ತು.

ಅಮ್ಮ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದಾರೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ಅದಕ್ಕೆ ಎರಡು ವರ್ಷದ ಗಡುವಿದೆ. ಪ್ಲೈವುಡ್ ಅಂತ ಬಾಯಲ್ಲಿ ಹೇಳಿದ್ದು ಫೋನಿನಲ್ಲಿ. ಈಗ ನಮ್ಮ ಕೈಲಿರುವ ಸಾಕ್ಷಿ ಆ ಬೂದು ಟೈಲ್ಸಿನ ಫೋಟೋ ಒಂದೇ.