ಎಂ.ಡೆಸ್ ಪದವಿಯೋ, ಸ್ವಂತ ಕಲಿಕೆಯೋ?

ಅಂಗವಿಕಲರೂ ವೃದ್ಧರೂ ಸಲೀಸಾಗಿ ಬಳಸಬಲ್ಲ ಆ್ಯಪ್, ಜಾಲತಾಣಗಳನ್ನು ರೂಪಿಸುವ ಯುಎಕ್ಸ್ (ಬಳಕೆದಾರರ ಅನುಭವ) ಡಿಸೈನರ್ ಆಗಬೇಕೆಂದವರಿಗೆ ಎರಡು ದಾರಿಗಳಿವೆ.

ಎಂ.ಡೆಸ್ (ವಿನ್ಯಾಸದ ಸ್ನಾತಕೋತ್ತರ ಪದವಿ) ಮಾಡಲು ಐಐಟಿಗಳಿಗೆ ಸೀಡ್ (CEED) ಪರೀಕ್ಷೆ, ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಾದ ಎನ್‌ಐಡಿಗೆ ಅದರದೇ ಪ್ರವೇಶ ಪರೀಕ್ಷೆ ಬರೆಯಬೇಕು. ಹಣವೂ ವರ್ಷಗಳೂ ಖರ್ಚಾಗುತ್ತವೆ. ಆದರೆ ನಿಮ್ಮ ಕೆಲಸವನ್ನು ಎದುರಿಗೇ ಕೂತು ತಿದ್ದುವ ಗುರುಗಳು ಬೇರೆಲ್ಲಿ ಸಿಗುತ್ತಾರೆ?

ಸ್ವಂತ ಕಲಿಕೆಗೆ ಬಹುತೇಕ ಸಾಮಗ್ರಿ ಉಚಿತ. ಜಾಲತಾಣಗಳನ್ನು ಅಂಗವಿಕಲರೂ ಬಳಸುವಂತೆ ರೂಪಿಸಲು 2023ರಲ್ಲಿ ಬಂದ ಡಬ್ಲ್ಯೂಸಿಎಜಿ 2.2 ಮಾನದಂಡವನ್ನು ಓದಿ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ಹೊಳಪಿನ ವ್ಯತ್ಯಾಸ) ಏಕೆ ಬೇಕೆಂದು ಅರಿಯಿರಿ. ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ (ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ) ಹಾಕಿಕೊಂಡು, ಪರದೆ ಆಫ್ ಮಾಡಿ, ಕೀಲಿಮಣೆಯಿಂದಷ್ಟೇ ಒಂದು ಅರ್ಜಿ ತುಂಬಿ ನೋಡಿ. ಹೆಸರಿಡದ ಗುಂಡಿ ಬಂದಾಗ ಕಿವಿಗೆ ಬೀಳುವುದು ‘ಬಟನ್’ ಎಂಬ ಒಂದೇ ಪದ. ಅದು ‘ಸಲ್ಲಿಸು’ ಗುಂಡಿಯೋ ‘ಅಳಿಸು’ ಗುಂಡಿಯೋ ತಿಳಿಯದೆ ಬೆರಳು ಅಲ್ಲೇ ನಿಲ್ಲುತ್ತದೆ. ಆ ಕ್ಷಣ ಕಲಿಸುವುದು ಬಹಳ.

ಈಗಾಗಲೇ ಕೋಡಿಂಗ್ ಅಥವಾ ವಿನ್ಯಾಸದ ಕೆಲಸದಲ್ಲಿದ್ದರೆ ಎರಡನೆಯದೇ ಸರಿ ಎಂಬುದು ನನ್ನ ದೃಢ ಅಭಿಪ್ರಾಯ. ಬೇರೆ ಕ್ಷೇತ್ರದಿಂದ ಬರುವವರಿಗೆ, ಹಣದ ಅನುಕೂಲವಿದ್ದರೆ, ಪದವಿ ಒಳ್ಳೆಯ ಬುನಾದಿ. ಯಾವ ದಾರಿ ಹಿಡಿದರೂ ಅಂಧ ಬಳಕೆದಾರರ ಪಕ್ಕ ಕೂತು ಪರೀಕ್ಷಿಸಿ, ಅವರ ಸಮಯಕ್ಕೆ ಸಂಭಾವನೆ ಕೊಡಿ.