ಡಾಕ್ಟ್ರ ಹತ್ರ ಹೋಗೋ ಮುಂಚೆ ತುಂಬೋ ಫಾರ್ಮು: ಆಸ್ಪೈರ್ ಟೂಲ್‌ಕಿಟ್ ಬಳಸಿ ನೋಡಿದ ಅನುಭವ

ಹೋದ ವರ್ಷ ಹೊಟ್ಟೆನೋವು ಅಂತ ಮೈಸೂರಲ್ಲೇ ಒಂದು ಆಸ್ಪತ್ರೆಗೆ ಹೋಗಿದ್ದೆ. ಟೋಕನ್ 43. ಹಾಲ್‌ನಲ್ಲಿ ಒಂದು ಟ್ಯೂಬ್‌ಲೈಟು ಮಿಣಮಿಣ ಅಂತಾನೇ ಇತ್ತು, ಟಿವಿಲಿ ಧಾರಾವಾಹಿ, ಫಿನಾಯಿಲ್ ವಾಸನೆ, ಹಿಂದಿನ ಸಾಲಲ್ಲಿ ಮಗು ಅಳ್ತಾ ಇದೆ, ಒಂದೂವರೆ ಗಂಟೆ ಹಾಗೇ ಕೂತು ಒಳಗೆ ಹೋಗೋ ಹೊತ್ತಿಗೆ ನನ್ನ ಬಾಯಿಂದ ಮಾತೇ ಹೊರಡ್ತಿರ್ಲಿಲ್ಲ. ಡಾಕ್ಟ್ರು "ಹೇಗಿದೆ ನೋವು?" ಅಂದ್ರು. ಹೇಗಿದೆ ಅಂದ್ರೆ ಏನು ಹೇಳ್ಬೇಕು? ಈಗಿಂದಾ, ನಿನ್ನೆ ರಾತ್ರಿದಾ, ಚುಚ್ಚೋ ಥರನಾ, ಹಿಂಡೋ ಥರನಾ ಅಂತ ನಾನು ತಲೆಲಿ ಜೋಡಿಸ್ಕೊಳ್ತಾ ಇರೋವಾಗ್ಲೇ ಅಮ್ಮ "ಗ್ಯಾಸ್ಟ್ರಿಕ್ ಡಾಕ್ಟ್ರೇ, ಹೊತ್ತೊತ್ತಿಗೆ ಊಟ ಮಾಡಲ್ಲ ಇವ್ಳು" ಅಂದ್ಬಿಟ್ರು. ಮಾತ್ರೆ ಬರೆದ್ರು, ಆಚೆ ಬಂದ್ವಿ. ಬಲಗಡೆ ಬೆನ್ನಿನ ರೆಕ್ಕೆ ಹತ್ರನೂ ನೋವಿತ್ತು, ಅದನ್ನ ನಾನು ಹೇಳ್ಲೇ ಇಲ್ಲ, ಯಾಕಂದ್ರೆ ಅವರು ಕೇಳಿದ್ದು ಹೊಟ್ಟೆ ಬಗ್ಗೆ. 11 ದಿನ ಆದ್ಮೇಲೆ ರಾತ್ರಿ 2 ಗಂಟೆಗೆ ಬೇರೆ ಕಡೆ ಓಡ್ಬೇಕಾಯ್ತು. ಸ್ಕ್ಯಾನ್ ಮಾಡಿದ್ರೆ ಪಿತ್ತಕೋಶದಲ್ಲಿ ಕಲ್ಲು.

ನಂಗೆ 36 ವರ್ಷ, ಆಟಿಸಂ ಇದೆ ಅಂತ ಗೊತ್ತಾಗಿದ್ದು 33ಕ್ಕೆ. ಅಂದ್ರೆ ಹುಟ್ಟಿನಿಂದಲೇ ಮಿದುಳು ಬೇರೆ ಥರ ಕೆಲಸ ಮಾಡತ್ತೆ, ಮಾತು, ಸದ್ದು, ಬೆಳಕು ಎಲ್ಲ ನಮಗೆ ಬೇರೆ ಥರ. ಆಪರೇಶನ್‌ಗೆ ಡೇಟ್ ಕೊಟ್ಟ ದಿನ, ನನ್ನ ಥರದವರೇ ಇರೋ ಒಂದು ಆನ್‌ಲೈನ್ ಗುಂಪಲ್ಲಿ ಇದನ್ನೆಲ್ಲ ಬರೆದು ಹಾಕಿದೆ, ಮತ್ತೆ ಹೀಗೇ ಆದ್ರೆ ಅಂತ ಭಯ ಆಗಿತ್ತು. ಯಾರೋ ಒಬ್ಬರು ಸಮಾಧಾನದ ಮಾತು ಒಂದೂ ಹೇಳದೆ ಬರೀ ಒಂದು ಲಿಂಕ್ ಹಾಕಿ "ಇದನ್ನ ತುಂಬಿ ಪ್ರಿಂಟ್ ತಗೊಂಡು ಹೋಗು" ಅಂತ ಬರೆದ್ರು. ಆಸ್ಪೈರ್ ಹೆಲ್ತ್‌ಕೇರ್ ಟೂಲ್‌ಕಿಟ್. ಆವತ್ತು ನಂಗೆ ಬೇಕಾಗಿದ್ದೂ ಅದೇ.

ಆಸ್ಪೈರ್ ಅನ್ನೋದು ಅಮೆರಿಕದ ಸಂಶೋಧಕರ ಒಂದು ಗುಂಪು, 2006ರಲ್ಲಿ ಶುರುವಾಗಿದ್ದು, ಡಾಕ್ಟರ್ ಕ್ರಿಸ್ಟಿನಾ ನಿಕೊಲೈಡಿಸ್ ಮತ್ತೆ ಡೋರಾ ರೇಮೇಕರ್ ಸೇರಿ ಕಟ್ಟಿದ್ದು. ರೇಮೇಕರ್ ಸ್ವತಃ ಆಟಿಸ್ಟಿಕ್. ಅಲ್ಲಿ ನಮ್ಮಂಥವರು ಬರೀ ಪ್ರಶ್ನೆಗೆ ಉತ್ತರ ಕೊಟ್ಟು ಎದ್ದು ಹೋಗೋ ಜನ ಅಲ್ಲ, ಯಾವ ಪ್ರಶ್ನೆ ಕೇಳ್ಬೇಕು ಅಂತ ತೀರ್ಮಾನ ಮಾಡೋದ್ರಲ್ಲೂ ಸಮಪಾಲು. ಫಾರ್ಮ್ ತುಂಬ್ತಾ ಹೋದ ಹಾಗೆ ಅದು ಗೊತ್ತಾಗತ್ತೆ. ದುಡ್ಡಿಲ್ಲ, ಪೂರ್ತಿ ಫ್ರೀ.

ಇದ್ರಲ್ಲಿ ಮುಖ್ಯವಾದದ್ದು ಒಂದು ಉದ್ದದ ಪ್ರಶ್ನಾವಳಿ. ಮಾತಾಡೋದು ಹೇಗೆ, ಬೆಳಕು ಸದ್ದು ವಾಸನೆ ಎಷ್ಟು ತೊಂದ್ರೆ ಕೊಡತ್ತೆ, ಯಾರಾದ್ರೂ ಮುಟ್ಟಿದ್ರೆ ಏನಾಗತ್ತೆ, ನೋವನ್ನ ಗುರುತಿಸೋಕೆ ಆಗತ್ತಾ, ಡಾಕ್ಟ್ರು ಹೇಳಿದ್ದು ಮನೆಗೆ ಬಂದ್ಮೇಲೆ ನೆನಪಿರತ್ತಾ ಅಂತೆಲ್ಲ ಕೇಳ್ತಾ ಹೋಗತ್ತೆ, ನಾವು ಟಿಕ್ ಮಾಡ್ತಾ ಹೋದ್ರೆ ಕೊನೆಗೆ ಡಾಕ್ಟ್ರಿಗೆ ಕೊಡೋಕೆ ಒಂದು ರಿಪೋರ್ಟ್ ಬರತ್ತೆ. ಈ ರೋಗಿಗೆ ಸುತ್ತುಬಳಸಿ ಕೇಳ್ಬೇಡಿ, ನಿರ್ದಿಷ್ಟವಾಗಿ ಕೇಳಿ, ಮುಖ್ಯವಾದದ್ದನ್ನ ಬರೆದು ಕೊಡಿ, ಮುಟ್ಟೋ ಮುಂಚೆ ಹೇಳಿ, ಉಪಕರಣ ಮೊದ್ಲು ತೋರಿಸಿ ಆಮೇಲೆ ಬಳಸಿ, ಹೀಗೆ. ನೋವಿನ ಬಗ್ಗೆ ಇರೋ ಪ್ರಶ್ನೆ ಓದಿದಾಗ ನಾನು ಫೋನ್ ಕೆಳಗಿಟ್ಟು ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ನೋವು ಎಲ್ಲಿದೆ ಹೇಗಿದೆ ಅಂತ ಹೇಳೋಕೆ ಕಷ್ಟ ಆಗೋದು ನನ್ನೊಬ್ಬಳ ದಡ್ಡತನ ಅಂತ 36 ವರ್ಷ ಅಂದ್ಕೊಂಡಿದ್ದೆ, ಅದು ಫಾರ್ಮಲ್ಲಿ ಟಿಕ್ ಮಾಡೋ ಅಷ್ಟು ಸಾಮಾನ್ಯ ವಿಷಯ!

ಇದ್ರ ಜೊತೆಗೆ ಸಣ್ಣ ಸಣ್ಣ ಹಾಳೆಗಳೂ ಇವೆ. ಅಪಾಯಿಂಟ್‌ಮೆಂಟ್‌ಗೆ ಫೋನ್ ಮಾಡೋವಾಗ ಏನು ಹೇಳ್ಬೇಕು, ಹೋಗೋವಾಗ ಏನೇನು ತಗೊಂಡು ಹೋಗ್ಬೇಕು, ಯಾವ ಲಕ್ಷಣ ಯಾವಾಗಿಂದ ಇದೆ, ಬಂದ್ಮೇಲೆ ಏನು ಮಾಡ್ಬೇಕು ಅಂತ. ನಂಗೆ ತುಂಬಾ ಉಪಯೋಗ ಆಗಿದ್ದು ಲಕ್ಷಣದ ಹಾಳೆ. ಮನೇಲಿ, ಸದ್ದಿಲ್ಲದ ಕಡೆ, ಎರಡು ದಿನ ತಗೊಂಡು ನಿಧಾನಕ್ಕೆ ತುಂಬಿದೆ. ಬೆನ್ನಿನ ನೋವೂ ಅದರಲ್ಲಿ ಬಂತು, ಕರಿದಿದ್ದು ತಿಂದ ರಾತ್ರಿನೇ ಜಾಸ್ತಿ ಆಗ್ತಿತ್ತು ಅನ್ನೋದೂ ಬಂತು. ಮೊದಲ್ನೇ ಸಲ ಹೋಗೋವಾಗ್ಲೇ ಈ ಹಾಳೆ ಇದ್ದಿದ್ರೆ ಅಂತ ಈಗ್ಲೂ ಸಂಕಟ ಆಗತ್ತೆ.

ಈಗ ನಮ್ಮೂರಿಗೆ ಹೊಂದದೆ ಇರೋದು ಏನು ಅಂತ ಹೇಳ್ತೀನಿ. ಮೊದಲನೇದು ಸಮಯ. ಅಲ್ಲಿನ ರಿಪೋರ್ಟ್ ಉದ್ದ ಇದೆ, ನಮ್ಮನ್ನ ವರ್ಷಾನುಗಟ್ಲೆ ನೋಡ್ತಾ ಬಂದಿರೋ ಒಬ್ರು ಫ್ಯಾಮಿಲಿ ಡಾಕ್ಟ್ರು ಫುರುಸೊತ್ತಲ್ಲಿ ಓದ್ತಾರೆ ಅಂದ್ಕೊಂಡು ಮಾಡಿದ ಹಾಗಿದೆ. ನಮ್ಮ ಓಪಿಡಿಲಿ ಒಬ್ಬೊಬ್ಬರಿಗೆ ಸಿಗೋದು ಮೂರು ನಿಮಿಷ, ಆಚೆ ಇನ್ನೂ 40 ಜನ ಕಾಯ್ತಿರ್ತಾರೆ, ಆ ಉದ್ದದ ಇಂಗ್ಲಿಷ್ ರಿಪೋರ್ಟ್ ಕೊಟ್ರೆ ಫೈಲಿಗೆ ಸೇರಿಸಿ ಪಕ್ಕಕ್ಕಿಡ್ತಾರೆ ಅಷ್ಟೇ. ಅದಕ್ಕೆ ನಾನು ಅದನ್ನ ಅರ್ಧ ಹಾಳೆಗೆ ಇಳಿಸಿ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆದೆ, ಐದೇ ಸಾಲು: ನಂಗೆ ಆಟಿಸಂ ಇದೆ. ಒಂದ್ಸಲಕ್ಕೆ ಒಂದೇ ಪ್ರಶ್ನೆ ಕೇಳಿ, ಉತ್ತರಕ್ಕೆ ಸ್ವಲ್ಪ ಕಾಯಿರಿ. ಮುಟ್ಟೋ ಮುಂಚೆ ಹೇಳಿ. ಮುಖ ನೋಡ್ತಿಲ್ಲ ಅಂದ್ರೂ ಕೇಳಿಸ್ಕೊಳ್ತಾ ಇದ್ದೀನಿ. ಹೇಳಿದ್ದನ್ನ ಬರೆದು ಕೊಡಿ.

ಎರಡನೇದು ಸಪೋರ್ಟರ್ ವಿಷಯ. ಟೂಲ್‌ಕಿಟ್‌ನಲ್ಲಿ ಜೊತೆಗೆ ಬರೋವ್ರು ಸಹಾಯಕ್ಕೆ ಬರೋವ್ರು, ನಾವು ಎಲ್ಲಿ ಬೇಕು ಅಂತೀವೋ ಅಲ್ಲಿ ಮಾತಾಡೋವ್ರು. ನಮ್ಮಲ್ಲಿ ಅಮ್ಮ, ಅತ್ತೆ, ಗಂಡ, ಅಣ್ಣ ಯಾರು ಬಂದ್ರೂ ಅವರೇ ರೋಗಿಯ ಬಾಯಿ ಆಗ್ಬಿಡ್ತಾರೆ, ಡಾಕ್ಟ್ರೂ ಅವರನ್ನೇ ನೋಡಿ ಮಾತಾಡ್ತಾರೆ. ಅಮ್ಮಂಗೆ ಕೆಟ್ಟ ಉದ್ದೇಶ ಇಲ್ಲ, ನಾನು ಒದ್ದಾಡೋದು ನೋಡೋಕಾಗದೆ ಹೇಳ್ತಾರೆ. ಆದ್ರೆ ಅಮ್ಮನ ಜೊತೆ ಮುಂಚೆನೇ ಕೂತು ನೀನು ಯಾವುದನ್ನ ಹೇಳ್ಬೇಕು, ಯಾವುದನ್ನ ನಾನೇ ಹೇಳ್ತೀನಿ ಅಂತ ಮಾತಾಡ್ಕೊಳ್ಳೋದು ಹೇಗೆ ಅಂತ ನಾನೇ ಕಂಡ್ಕೊಳ್ಬೇಕಾಯ್ತು, ಎರಡು ಸಲ ಜಗಳನೂ ಆಯ್ತು.

ಹಕ್ಕುಗಳ ಭಾಗ ಅಂತೂ ಪೂರ್ತಿ ಅಮೆರಿಕದ ಕಾನೂನು, ಅದನ್ನ ಬಿಟ್ಟು ಮುಂದಕ್ಕೆ ಹೋಗಿ. ನಮಗೆ ಬೇಕಾಗಿರೋದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. ಅದರಲ್ಲಿ ಹೇಳಿರೋ 21 ಥರದ ಅಂಗವೈಕಲ್ಯದಲ್ಲಿ ಆಟಿಸಂ ಕೂಡ ಇದೆ, 25ನೇ ಸೆಕ್ಷನ್‌ನಲ್ಲಿ ಸರ್ಕಾರಿ ಆಸ್ಪತ್ರೆ ಅಷ್ಟೇ ಅಲ್ಲ, ಖಾಸಗಿ ಆಸ್ಪತ್ರೆನೂ ಅಡೆತಡೆ ಇಲ್ಲದ ಹಾಗಿರ್ಬೇಕು ಅಂತಿದೆ, ನೋಡೋದ್ರಲ್ಲಿ, ಚಿಕಿತ್ಸೆ ಕೊಡೋದ್ರಲ್ಲಿ ಆದ್ಯತೆ ಕೊಡ್ಬೇಕು ಅಂತನೂ ಇದೆ. ಅಂದ್ರೆ ಆ ಹಾಲ್‌ನಲ್ಲಿ ಒಂದೂವರೆ ಗಂಟೆ ಕೂರದೆ ಮುಂಚೆ ಕಳಿಸಿ ಅಂತ ಕೇಳೋಕೆ ಕಾನೂನಲ್ಲೇ ಜಾಗ ಇದೆ, ಇದು ಕೌಂಟರಲ್ಲಿ ಕೂತವರಿಗೂ ಗೊತ್ತಿರಲ್ಲ, ನಮಗೂ ಗೊತ್ತಿರಲ್ಲ. ಕೇಳೋಕೆ ಯುಡಿಐಡಿ ಕಾರ್ಡ್, ಅಂದ್ರೆ ಸರ್ಕಾರ ಕೊಡೋ ಅಂಗವೈಕಲ್ಯದ ಗುರುತಿನ ಚೀಟಿ, ಇದ್ರೆ ಅನುಕೂಲ, ಆದ್ರೆ ಅಂಗವೈಕಲ್ಯದ ಸರ್ಟಿಫಿಕೇಟ್‌ಗೆ ಅಂತ ಬಳಸ್ತಾ ಬಂದಿರೋ, ಆಟಿಸಂ ಎಷ್ಟಿದೆ ಅಂತ ನೋಡೋ ಐಎಸ್‌ಎಎ ಅನ್ನೋ ಅಳತೆಲಿ 40 ಪ್ರಶ್ನೆ, ಕಣ್ಣಿಟ್ಟು ನೋಡಲ್ವಾ, ನಕ್ಕರೆ ನಗಲ್ವಾ ಅನ್ನೋದ್ರಿಂದಲೇ ಶುರು. ಮಕ್ಕಳನ್ನ ನೋಡೋಕೆ ಅಂತಲೇ ಮಾಡಿದ ಹಾಗಿದೆ. 30 ವರ್ಷ ನಕ್ಕ ಹಾಗೆ ನಟಿಸೋದು ಕಲಿತಿರೋ ಹೆಂಗಸಿಗೆ ಅಲ್ಲಿ ಯಾವ ಅಂಕ ಕೊಡ್ತಾರೆ?

ಭಾಷೆ ಬಗ್ಗೆ ಒಂದು ಮಾತು. ಆಟಿಸಂಗೆ ಕನ್ನಡದಲ್ಲಿ ಸ್ವಲೀನತೆ ಅಂತಾರೆ, ಪೇಪರಲ್ಲೂ ಸರ್ಕಾರಿ ಕಾಗದದಲ್ಲೂ ಅದೇ ಪದ. ತನ್ನೊಳಗೇ ಲೀನ ಆಗಿರೋದು ಅಂತ ಅರ್ಥ. ಆವತ್ತು ಟೋಕನ್ 43 ಹಿಡ್ಕೊಂಡು ಕೂತಿದ್ದಾಗ ನಾನು ಎಲ್ಲೂ ಲೀನ ಆಗಿರ್ಲಿಲ್ಲ, ಆ ಹಾಲ್‌ನ ಒಂದೊಂದು ಸದ್ದೂ ನನ್ನೊಳಗೆ ನುಗ್ತಾ ಇತ್ತು. ಅದಕ್ಕೆ ನನ್ನ ಅರ್ಧ ಹಾಳೆಲಿ ಆಟಿಸಂ ಅಂತಲೇ ಬರೆದಿದ್ದೀನಿ.

ಟೂಲ್‌ಕಿಟ್ ಓದೋ ಮುಂಚೆ ಇನ್ನೊಂದು ಓದಿದ್ರೆ ಒಳ್ಳೇದು. ಅಸಾನ್ ಅಂತ ಒಂದು ಸಂಸ್ಥೆ, ಅದೂ 2006ರಲ್ಲೇ ಅಮೆರಿಕದಲ್ಲಿ ಶುರುವಾಗಿದ್ದು, ಆಟಿಸ್ಟಿಕ್ ಜನರೇ ನಡೆಸೋದು, ನಮ್ಮನ್ನ ಬಿಟ್ಟು ನಮ್ಮ ಬಗ್ಗೆ ಏನೂ ಬೇಡ ಅನ್ನೋದು ಅವರ ಘೋಷಣೆ. ಹೊಸದಾಗಿ ಗೊತ್ತಾದವರಿಗೆ ಅಂತ ಅವರು ಮಾಡಿರೋ ಓದು ಸರಳ ಇಂಗ್ಲಿಷಲ್ಲಿದೆ, ಈಝಿ ರೀಡ್ ಅಂತ ಇನ್ನೂ ಸರಳವಾದ ರೂಪದಲ್ಲಿ ಚಿಕ್ಕ ಚಿಕ್ಕ ಸಾಲು, ಪಕ್ಕದಲ್ಲಿ ಚಿತ್ರ. ಪಿಯುಸಿ ಇಂಗ್ಲಿಷ್ ಇದ್ರೂ ಸಾಕು. ರಾಂಗ್ ಪ್ಲಾನೆಟ್ ಅನ್ನೋ ಹಳೇ ಆನ್‌ಲೈನ್ ಜಾಗನೂ ಇದೆ, 2004ರಿಂದ, ಹಳೇ ಪ್ರಶ್ನೆಗಳನ್ನ ಹುಡುಕಿ ಓದೋಕೆ ಚೆನ್ನಾಗಿದೆ. ಆದ್ರೆ ಅಲ್ಲಿನವರ ಹಗಲು ಅಂದ್ರೆ ನಮ್ಮ ರಾತ್ರಿ, ಆಸ್ಪತ್ರೆ ಹಾಲ್‌ನಲ್ಲಿ ಕೂತು ಈಗ ಏನು ಮಾಡ್ಲಿ ಅಂತ ಕೇಳಿದ್ರೆ ಉತ್ತರ ಬರೋದು ಮನೆಗೆ ಬಂದು ಮಲಗಿದ್ಮೇಲೆ. ಕನ್ನಡದಲ್ಲಿ ಮಕ್ಕಳ ಆಟಿಸಂ ಬಗ್ಗೆ ಅಪ್ಪ ಅಮ್ಮಂದಿರಿಗೆ ಅಂತ ಏನಾದ್ರೂ ಸಿಗತ್ತೆ. ದೊಡ್ಡವರಾದ ನಮಗೆ ಅಂತ, ನಾವೇ ಬರೆದಿದ್ದು, ನಾನು ಹುಡುಕಿದ ಕಡೆ ಒಂದೂ ಸಿಗ್ಲಿಲ್ಲ, ಅದು ನಂಗೆ ತುಂಬಾ ಬೇಜಾರಿನ ವಿಷಯ.

ಸ್ಟಾರ್ ಕೊಡಿ ಅಂದ್ರೆ 5ಕ್ಕೆ 4. ಒಂದು ಕಮ್ಮಿ ಮಾಡಿದ್ದು ಇಂಗ್ಲಿಷ್ ಓದೋಕಾಗದವರಿಗೆ ಇದು ತಲುಪೋದೇ ಇಲ್ಲ ಅಂತ.

ಆಪರೇಶನ್ ಏನಾಯ್ತು ಅಂದ್ರೆ, ಸರ್ಜನ್ ಆ ಅರ್ಧ ಹಾಳೆ ನಿಂತ್ಕೊಂಡೇ ಓದಿದ್ರು, 20 ಸೆಕೆಂಡ್ ಇರ್ಬೇಕು. ಆಮೇಲೆ ಕುರ್ಚಿ ಎಳ್ಕೊಂಡು ಕೂತು "ಈಗ ಹೊಟ್ಟೆ ಬಲಗಡೆ ಒತ್ತಿ ನೋಡ್ತೀನಿ, ನೋವಾದ್ರೆ ಕೈ ಎತ್ತಿ, ಮಾತಾಡ್ಬೇಕಾಗಿಲ್ಲ" ಅಂದ್ರು. ಕೈ ಎತ್ತಿದೆ. ಅಷ್ಟೇ ಸಾಕಾಗಿತ್ತು ನಂಗೆ, ಇಷ್ಟು ವರ್ಷ ಯಾರೂ ಹಾಗೆ ಹೇಳಿರ್ಲಿಲ್ಲ. ವಾರ್ಡಲ್ಲಿ ಮಾತ್ರ ನರ್ಸ್ ಶಿಫ್ಟ್ ಬದಲಾದಾಗ್ಲೆಲ್ಲ ಮತ್ತೆ ಮೊದಲಿಂದ ಹೇಳ್ಬೇಕಾಗ್ತಿತ್ತು. ರಾತ್ರಿ ಒಬ್ರು ಹೇಳದೇ ಕೇಳದೇ ಬಂದು ಕೈಯಿನ ಸೂಜಿ ಹತ್ರ ಮುಟ್ಟಿದಾಗ ಕಿರುಚ್ಕೊಂಡ್ಬಿಟ್ಟೆ. ಬೆಳಗ್ಗೆ ಎದ್ದು ನೋಡಿದ್ರೆ ಅಮ್ಮ ಆ ಹಾಳೆದು ಜೆರಾಕ್ಸ್ ಮಾಡಿಸ್ಕೊಂಡು ಬಂದು ಒಂದನ್ನ ಮಂಚದ ತುದಿಗೆ ಬ್ಯಾಂಡೇಜ್ ಪ್ಲಾಸ್ಟರಲ್ಲೇ ಅಂಟಿಸಿದ್ರು, ಇನ್ನೊಂದನ್ನ ಕೇಸ್‌ಶೀಟಿನ ಮೇಲೆ, ಇನ್ನೂ ನಾಲ್ಕು ಅವರ ಬ್ಯಾಗಲ್ಲಿ.